ತಕರಾರು ಗುಂಡಿ

"ಕೈ ತೆಗೀರಿ" ಎಂದಳು ಸುಗಂಧಾ.

ಲಗಮಣ್ಣ ತೆಗೆಯಲಿಲ್ಲ. ಅವನ ತೋರುಬೆರಳು ಆಗಲೇ ಗಾಜಿನ ಮೇಲಿತ್ತು. ಪರದೆಯ 'ಸರಿ' ಎಂಬ ಹಸಿರು ಗುಂಡಿ ಒಮ್ಮೆ ಮಿನುಗಿತು. ಎಂಟನೆಯ ರೈತ ತನ್ನ ಪಾಳಿಯನ್ನು ಒಪ್ಪಿದನೆಂದು ಕಂಪ್ಯೂಟರು ಬರೆದುಕೊಂಡಿತು. ಎಂಟನೆಯ ರೈತ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದ.

"ಆತಲ್ರಿ ಬಾಯಾರ. ಮುಂದಿನವ್ರು ಬರ್ರಿ."

"ಅವರು ಒತ್ತಬೇಕು. ನೀವಲ್ಲ. ಮುಂಜಾನಿಂದ ಹೇಳಾಕತ್ತೀನಿ."

"ಯಾರ ಒತ್ತಿದ್ರೂ ಅದಽ ಬಟನ್ ಅಲ್ರಿ" ಎಂದು ಲಗಮಣ್ಣ ನಕ್ಕ.

ಸುಗಂಧಾಗೆ ಅವನ ಬೆರಳನ್ನು ಹಿಡಿದು ಮುರಿಯಬೇಕೆನಿಸಿತು. ಸುಮ್ಮನೆ ಅನಿಸಿದ್ದಲ್ಲ, ಅದು ಮುರಿಯುವಾಗ ಎಂಥ ಸದ್ದಾದೀತು ಎಂಬುದನ್ನೂ ಕೇಳಿಸಿಕೊಂಡಳು. ಚೀಟಿಗಳಿಗೆ ಮಸಿಯ ಶಿಕ್ಕಾ ಹೊಡೆದೂ ಹೊಡೆದೂ ಆ ಬೆರಳ ತುದಿ ನೇರಳೆಯಾಗಿತ್ತು. ಸಕ್ಕರೆ ಕಾರ್ಖಾನೆಯ ಈ ಶಾಖಾ ಆಫೀಸಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಯಾರ ಕಬ್ಬು ಯಾವಾಗ ಕಡಿಯಬೇಕೆಂಬ ಚೀಟಿ ಬರೆಯುವವನು ಅವನೇ. ಅವನು ಚೀಟಿ ಕೊಡದೆ ಕಡಿಯುವ ಗ್ಯಾಂಗು ಯಾರ ಹೊಲಕ್ಕೂ ಕಾಲಿಡುವುದಿಲ್ಲ.

ಮುಂಬಯಿಯ ಡಿಸೈನ್ ಕಾಲೇಜಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಎಲ್ಲರಿಗೂ ರೋಮಾಂಚನವಾಗಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಳಿದವರು ಬ್ಯಾಂಕಿನ ಯಂತ್ರ, ಮ್ಯೂಸಿಯಮ್ಮಿನ ಮಾಹಿತಿ ಪೆಟ್ಟಿಗೆ ಎಂದು ಹೊರಟಿದ್ದರು. ಇವಳೊಬ್ಬಳು ಕಬ್ಬು ಬೆಳೆಯುವವರಿಗಾಗಿ ಮುಟ್ಟುವ ಪರದೆ ಮಾಡಿದಳು. ಬೆರಳಿಟ್ಟರೆ ಊರಿನ ಪೂರ್ತಿ ಪಾಳಿಯ ಪಟ್ಟಿ, ಪ್ರತಿ ಹೆಸರಿನ ಮುಂದೆ ನಾಟಿ ಮಾಡಿದ ತಾರೀಖು. ಮೊದಲು ನೆಟ್ಟವನದು ಮೊದಲು ಕಡಿಯಬೇಕೆಂಬುದು ಕಾರ್ಖಾನೆಯ ನಿಯಮ. ಪಾಳಿ ನ್ಯಾಯವೆನಿಸಿದರೆ ಹಸಿರು ಗುಂಡಿ. ಅನ್ಯಾಯವೆನಿಸಿದರೆ ಅದಕ್ಕಿಂತ ದೊಡ್ಡದಾದ ಕೆಂಪು ಗುಂಡಿ, 'ತಕರಾರು'.

"ಆ ಕೆಂಪು ಗುಂಡಿಯೇ ನಿನ್ನ ಪ್ರಾಜೆಕ್ಟು" ಎಂದಿದ್ದರು ಗೈಡು. "ಹನ್ನೆರಡು ಜನರ ಮೇಲೆ ಪರೀಕ್ಷೆ ಮಾಡು. ಒಬ್ಬನಾದರೂ ಅದನ್ನು ಒತ್ತದಿದ್ದರೆ ನೀನು ಮಾಡಿರುವುದು ಬರೀ ಟಿ.ವಿ. ನಾನು ಸಹಿ ಹಾಕುವುದಿಲ್ಲ."

ಸೋಮವಾರ ಅದನ್ನು ಒಪ್ಪಿಸಬೇಕು. ಇವತ್ತು ಶುಕ್ರವಾರ. ಎಂಟು ಜನ ಮುಗಿದಿದ್ದರು. ಎಂಟೂ ಹಸಿರು.

ಒಂಬತ್ತನೆಯವನು ಒಳಗೆ ಬಂದ. ಚಪ್ಪಲಿಯನ್ನು ಹೊರಗೆ ಬಿಟ್ಟ. ಕಂಪ್ಯೂಟರಿಗೆ ಕೈ ಮುಗಿದ. ಬೆಳಿಗ್ಗೆ ಯಾರೋ ಅದರ ತಲೆಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ಒಂದು ಕಾಯಿ ಒಡೆದಿದ್ದರು. ಬೇಡವೆನ್ನಲು ಇವಳಿಗೆ ಬಾಯಿ ಬಂದಿರಲಿಲ್ಲ. ಮಾರು ದೂರ ನಿಂತು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ ಅವನು ಕೊನೆಗೆ ಲಗಮಣ್ಣನ ಕಡೆ ನೋಡಿದ. ಲಗಮಣ್ಣ ಬೆರಳಿಟ್ಟ. ಹಸಿರು.

"ನಿಮಗ ಸರಿ ಅನಸ್ತ?" ಸುಗಂಧಾ ಕೇಳಿದಳು.

"ಛಲೋ ಆಗೇತ್ರಿ" ಎಂದ ಅವನು.

"ಡಬ್ಬಿ ಅಲ್ಲ, ಪಾಳಿ. ಪಾಳಿ ಸರಿ ಅನಸ್ತ?"

"ಎಲ್ಲಾ ಛಲೋ ಐತ್ರಿ." ಅವನು ಹಿಮ್ಮೆಟ್ಟುತ್ತಲೇ ಹೊರಗೆ ಹೋದ.

ಎಲ್ಲಾ ಛಲೋ. ಹಾಳಾಗಿ ಹೋಗಲಿ ಇವರ ಛಲೋ. ರಾತ್ರಿಗಟ್ಟಲೆ ಕೂತು ಅಕ್ಷರಗಳನ್ನು ಒಂದೊಂದಾಗಿ ತಿದ್ದಿದ್ದು, ಓದಲು ಬಾರದವರಿಗೆಂದು ಚಿತ್ರ ಬರೆದದ್ದು, ಒರಟು ಬೆರಳಿಗೆಂದು ಗುಂಡಿಯನ್ನು ಅಂಗೈಯಗಲ ಮಾಡಿದ್ದು, ಎಲ್ಲ ಲಗಮಣ್ಣನ ಒಂದು ಬೆರಳಿಗಾಗಿ. ಹೇಡಿಗಳು ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ.

ಹನ್ನೊಂದು ಜನ ಮುಗಿಯುವ ಹೊತ್ತಿಗೆ ಹೊರಗೆ ಜೀಪು ನಿಂತಿತು. ಅಪ್ಪ. ಭಾವುಸಾಹೇಬರು ಕಾರ್ಖಾನೆಯ ಡೈರೆಕ್ಟರು. ಬೇಡಕಿಹಾಳದ ಈ ಆಫೀಸಿನಲ್ಲಿ ಮಗಳ ಡಬ್ಬಿ ಇಡಲು ಅವರ ಒಂದು ಮಾತು ಸಾಕಾಗಿತ್ತು. ಅವರು ಒಳಗೆ ಬರುತ್ತಿದ್ದಂತೆ ಲಗಮಣ್ಣ ಕುರ್ಚಿ ಬಿಟ್ಟೆದ್ದ.

"ನಡಿ, ಊಟಕ್ಕ. ನಿಮ್ಮವ್ವ ಕಾಯಾಕತ್ತಾಳ."

"ಇನ್ನೊಬ್ರು ಉಳದಾರ" ಎನ್ನುತ್ತ ಸುಗಂಧಾ ಅಪ್ಪನಿಗೆ ತೋರಿಸಲೆಂದು ಪಟ್ಟಿಯನ್ನು ತೆರೆದಳು. ಟೈಪು ಮಾಡಿದವನು ಆಫೀಸಿನ ಕಾರಕೂನ. ಅಕ್ಷರದ ಅಂದ, ಸಾಲುಗಳ ನಡುವಿನ ಅಂತರ ಇವಳದು. ಆ ಅಂತರವನ್ನು ನೂರು ಸಲ ನೋಡಿದ್ದಳು. ಹೆಸರುಗಳನ್ನು ಓದಿದ್ದು ಇದೇ ಮೊದಲು.

ಮೂರನೆಯ ಪಾಳಿ: ಭಾವುಸಾಹೇಬ. ನಾಟಿ, ಜನವರಿ ೧೯೯೮.

ಅದರ ಕೆಳಗಿನ ತಾರೀಖುಗಳೆಲ್ಲ ೧೯೯೭ರವು. ಜುಲೈ, ಆಗಸ್ಟ್, ಮತ್ತೆ ಜುಲೈ. ಹನ್ನೊಂದು ಜನರೂ ಇದನ್ನು ಓದಿದ್ದರು. ಸ್ಪಷ್ಟವಾದ ಅಕ್ಷರಗಳಲ್ಲಿ, ಭಾವುಸಾಹೇಬರ ಮಗಳ ಮುಂದೆ ನಿಂತು.

"ಅಪ್ಪಾ, ನಮ್ಮ ಕಬ್ಬು ಯಾವಾಗ ನಾಟಿ ಮಾಡಿದ್ದು?"

"ಯಾಕ?"

"ಸುಮ್ನ."

ಭಾವುಸಾಹೇಬರು ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಕ್ಷರ ಭಾಳ ಛಂದ ಬಂದಾವು" ಎಂದರು. "ಲಗೂನ ಬಾ. ಅನ್ನ ಆರತೈತಿ."

ಜೀಪು ಹೋಯಿತು. ಸುಗಂಧಾ ಅದರ ಧೂಳು ಇಳಿಯುವವರೆಗೂ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮೇಲೆ ಬಂದ ಸಿಟ್ಟಿಗಿಂತ ದೊಡ್ಡ ಸಿಟ್ಟು ಆ ಹನ್ನೊಂದು ಜನರ ಮೇಲೆ ಬಂದಿತ್ತು. ನೋಡಿದರು, ತಿಳಿದುಕೊಂಡರು, ಇವಳ ಮುಖವನ್ನೂ ನೋಡಿದರು, ಛಲೋ ಐತಿ ಎಂದರು. ಇವಳಿಗೆ ಭಿಕ್ಷೆ ಹಾಕಿದಂತೆ.

ಹನ್ನೆರಡನೆಯವನು ಜಕ್ಕಪ್ಪ, ಅರವತ್ತು ದಾಟಿದವನು. ಪಟ್ಟಿಯಲ್ಲಿ ಅರವತ್ತೊಂದನೆಯ ಪಾಳಿ. ನಾಟಿ, ಜುಲೈ ೧೯೯೭.

"ನಿಮ್ಮ ಕಬ್ಬು ಹೆಂಗೈತಿ ಕಾಕಾ?"

"ಹೂ ಬಿಟ್ಟೈತಿ ತಂಗಿ. ಒಳಗ ಬೆಂಡಾಗಾಕತ್ತೈತಿ."

"ಮೂರನೇ ಹೆಸರು ಓದ್ರಿ."

"ಕಣ್ಣ ಮಂಜ ಅದಾವು."

"ನಾ ಓದಲಿ?"

"ಬ್ಯಾಡ" ಎಂದ ಜಕ್ಕಪ್ಪ ತಟ್ಟನೆ.

ಲಗಮಣ್ಣ ಎದ್ದ. ನೇರಳೆ ಬೆರಳು ಗಾಜಿನತ್ತ ಬಂತು. ಸುಗಂಧಾ ಅದನ್ನು ಬಡಿದು ಆಚೆ ಸರಿಸಿದಳು. ಜಕ್ಕಪ್ಪನ ಮುಂಗೈ ಹಿಡಿದು ಕೆಂಪು ಗುಂಡಿಯ ಕಡೆ ಎಳೆದಳು. ಮುದುಕನ ಕೈ ಒರಟಾಗಿತ್ತು, ಅವಳು ಎಣಿಸಿದ್ದಕ್ಕಿಂತ ಬಲವಾಗಿತ್ತು. ಗಾಜಿಗೆ ಗೇಣು ದೂರದಲ್ಲಿ ಮುಷ್ಟಿ ಕಟ್ಟಿ ನಿಂತುಬಿಟ್ಟಿತು.

"ಒತ್ರಿ! ನಿಮ್ಮ ಕಬ್ಬು ಒಣಗಾಕತ್ತೈತಿ, ಒತ್ರಿ!"

"ಬಿಡವ್ವಾ."

"ಯಾಕ? ಯಾರ ಅಂಜಿಕಿ?"

"ಲಗಮಣ್ಣ ಒತ್ತಿದ್ರ ಅಂವ ಮಾಡಿದ್ದು ಆಕ್ಕೈತಿ" ಎಂದ ಜಕ್ಕಪ್ಪ ಮೆಲ್ಲಗೆ, ಅವಳ ಬೆರಳುಗಳನ್ನು ಒಂದೊಂದಾಗಿ ತನ್ನ ಮುಂಗೈಯಿಂದ ಬಿಡಿಸುತ್ತ. "ನಾ ಒತ್ತಿದ್ರ ನಾ ಮಾಡಿದ್ದು ಆಕ್ಕೈತಿ. ನೀ ನಾಳಿ ಮುಂಬೈಕ ಹೋಗತಿ ತಂಗಿ. ನಾ ಇಲ್ಲೇ ಇರಾಂವ."

ಚಪ್ಪಲಿ ಮೆಟ್ಟಿಕೊಂಡು ಅವನು ಹೊರಟುಹೋದ. ಲಗಮಣ್ಣ ಏನೂ ಆಗದವನಂತೆ ಬಂದು ಹಸಿರು ಒತ್ತಿದ. ಹನ್ನೆರಡು.

ಕೋಣೆಯಲ್ಲಿ ಇಬ್ಬರೇ ಉಳಿದರು. ಲಗಮಣ್ಣ ಚೀಟಿ ಬರೆಯತೊಡಗಿದ. ಸುಗಂಧಾ ಪರದೆಯ ಮುಂದೆ ಕೂತಳು. ಹನ್ನೆರಡು ಜನ, ಹನ್ನೆರಡು ಒಪ್ಪಿಗೆ, ಒಂದೂ ತಪ್ಪಿಲ್ಲ. ಬೇಕಾದರೆ ಹನ್ನೊಂದು ಹಸಿರು, ಒಂದು ಕೆಂಪು ಎಂದು ತಿದ್ದಬಹುದು. ಗೈಡು ಬೇಡಕಿಹಾಳಕ್ಕೆ ಬಂದು ನೋಡುತ್ತಾರೆಯೆ? ಹಾಗೆ ತಿದ್ದಿದರೆ ತಾನು ಅಪ್ಪನ ಮಗಳೇ ಸರಿ ಎನಿಸಿತು. ಅಪ್ಪನ ಒಂದು ಮಾತಿನಿಂದ ಈ ಕುರ್ಚಿಯಲ್ಲಿ ಕೂತದ್ದೂ ಪಾಳಿ ತಪ್ಪಿಸಿಯೇ.

ಅವಳು ಜಕ್ಕಪ್ಪನ ಹೆಸರನ್ನು ಆರಿಸಲಿಲ್ಲ. ಮೂರನೆಯ ಹೆಸರಿನ ಮೇಲೆ ಬೆರಳಿಟ್ಟಳು. ನಂತರ ಕೆಂಪು ಗುಂಡಿಯ ಮೇಲೆ. ಗಟ್ಟಿಯಾಗಿ, ಉಗುರು ಬೆಳ್ಳಗಾಗುವಷ್ಟು.

ಪರದೆ ಒಂದು ಕ್ಷಣ ಯೋಚಿಸಿತು. ಆಮೇಲೆ ಅವಳೇ ತಿದ್ದಿದ ಅಂದವಾದ ಅಕ್ಷರಗಳಲ್ಲಿ, ಎರಡು ತಿಂಗಳ ಹಿಂದೆ ಅವಳೇ ಬರೆದು ಮರೆತಿದ್ದ ವಾಕ್ಯ ಮೂಡಿತು.

'ನಿಮ್ಮ ತಕರಾರು ಬಂದಿದೆ. ಮುಂದಿನ ಕ್ರಮಕ್ಕಾಗಿ ಚೀಟಿ ಬರೆಯುವವರನ್ನು ಕಾಣಿರಿ.'

ಲಗಮಣ್ಣ ಮೇಜಿನಿಂದ ತಲೆಯೆತ್ತಿ ಅದನ್ನು ಓದಿದ. ನಗಲಿಲ್ಲ. ಒಂದು ಖಾಲಿ ಚೀಟಿ ಮುಂದೆಳೆದುಕೊಂಡು ಜೇಬಿನಲ್ಲಿ ಪೆನ್ನು ಹುಡುಕಿದ.

"ಹೇಳ್ರಿ ಬಾಯಾರ. ಯಾರ ಮ್ಯಾಲ ಅಂತ ಬರೀಲಿ?"

ಹೆಸರು ಅವಳ ನಾಲಗೆಯ ಮೇಲಿತ್ತು. ಒಂದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಆರುವಂತೆ ಮಾಡಿದವಳು ಅವಳೇ. ಆರಿತು. ಕಪ್ಪು ಗಾಜಿನಲ್ಲಿ ಅವಳ ಮುಖ ಕಂಡಿತು. ಅದರ ಬಲಗಡೆ ಒಂದರ ಮೇಲೊಂದು ಒತ್ತಿದ ಹನ್ನೆರಡು ನೇರಳೆ ಗುರುತು, ಒಂದೇ ಬೆರಳಿನವು. ಎಡಗಡೆ, ಕೆಂಪು ಗುಂಡಿಯಿದ್ದ ಜಾಗದಲ್ಲಿ, ಅವಳ ಬೆರಳಿನ ಬೆವರಿನ ತೇವ. ಗಾಜು ಇನ್ನೂ ಬಿಸಿಯಾಗಿತ್ತು. ಲಗಮಣ್ಣನಿಗೆ ಪೆನ್ನು ಸಿಕ್ಕು ಅವನು ಅದರ ಟೊಪ್ಪಿಗೆ ತೆಗೆಯುವಷ್ಟರಲ್ಲಿ ಆ ತೇವ ಅಂಚಿನಿಂದ ಒಳಕ್ಕೆ ಸಣ್ಣದಾಗುತ್ತ ಬಂದು, ಸಾಸಿವೆಯಷ್ಟಾಗಿ, ಇಲ್ಲವಾಯಿತು.