ಇಪ್ಪತ್ತೆಂಟು ಸೆಕೆಂಡು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದವನು ನಾನು. ಪೊಟ್ಟಣದ ಮೇಲೆ ಬರೀ ‘ಐನೂರು’ ಎಂದು ಬರೆದಿದ್ದರೆ, “ಐನೂರು ಏನಪ್ಪಾ? ಗ್ರಾಮೋ, ಗಜವೋ?” ಎಂದು ಕೇಳಿ ಅಂಗಡಿಯವನ ಬೆವರಿಳಿಸುತ್ತಿದ್ದೆ. ಏಕಮಾನವಿಲ್ಲದ ಅಂಕಿ ನನ್ನ ಪಾಲಿಗೆ ಬರೀ ಬೊಗಳೆ. ನಿವೃತ್ತನಾದ ಮೇಲೂ ಆ ಚಾಳಿ ಹೋಗಲಿಲ್ಲ.

ಹೆಂಡತಿಯ ಹೃದಯಕ್ಕೆ ಕೃತಕ ಕವಾಟ ಹಾಕಿ ಮೂರು ವರ್ಷವಾಗಿತ್ತು. ರಕ್ತ ಹೆಪ್ಪುಗಟ್ಟಿದರೆ ಕವಾಟ ಕಟ್ಟಿಕೊಳ್ಳುತ್ತದೆ, ತೀರಾ ತೆಳುವಾದರೆ ಒಳಗೆಲ್ಲಾದರೂ ಸೋರುತ್ತದೆ. ಹಾಗಾಗಿ ದಿನಾ ರಕ್ತ ತೆಳುವಾಗಿಸುವ ಮಾತ್ರೆ, ತಿಂಗಳಿಗೊಮ್ಮೆ ಪರೀಕ್ಷೆ. ವರದಿಯಲ್ಲಿ ಎರಡು ಸಾಲು. ಮೊದಲನೆಯದು ರಕ್ತ ಹೆಪ್ಪುಗಟ್ಟಲು ಹಿಡಿದ ಸಮಯ: ಇಪ್ಪತ್ತೆಂಟು ಸೆಕೆಂಡು. ಎರಡನೆಯದು ಐಎನ್‌ಆರ್: ಎರಡೂವರೆ. ಎರಡೂವರೆ ಏನು? ಅದರ ಮುಂದೆ ಏನೂ ಇಲ್ಲ. ಲ್ಯಾಬಿನಾಕೆಯನ್ನು ತರಾಟೆಗೆ ತೆಗೆದುಕೊಂಡೆ.

“ಅದಕ್ಕೆ ಯೂನಿಟ್ ಇಲ್ಲ ಸರ್,” ಎಂದಳು.

“ಬರೆಯೋಕೆ ಮರ್ತಿದ್ದೀವಿ ಅಂತ ಹೇಳಿ,” ಎಂದು ಬೀಗುತ್ತಾ ಬಂದೆ.

ಮನೆಯಲ್ಲಿ ಒಂದು ಪುಸ್ತಕಕ್ಕೆ ಗೆರೆ ಹೊಡೆದೆ: ತಾರೀಖು, ಮಾತ್ರೆ, ಸೆಕೆಂಡು. ಎರಡನೇ ಸಾಲಿಗೆ ಜಾಗವನ್ನೇ ಕೊಡಲಿಲ್ಲ. “ನಿಮ್ಮಪ್ಪನ ಕೈಗೆ ಸಿಕ್ಕಿ ನನ್ನ ರಕ್ತಾನೂ ಶಿಸ್ತು ಕಲೀತು ನೋಡು,” ಎಂದು ಹೆಂಡತಿ ಮಗಳ ಮುಂದೆ ನಗುತ್ತಿದ್ದಳು.

ಈ ಸಲ ಅವಳಿಗೆ ಮಂಡಿನೋವು. ದೂರ ಹೋಗುವುದು ಬೇಡವೆಂದು ಬೀದಿಯ ತಿರುವಿನ ಹೊಸ ಲ್ಯಾಬಿಗೆ ಕರೆದೊಯ್ದೆ. ಇಪ್ಪತ್ತೆಂಟು ಸೆಕೆಂಡು! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆಳಗೆ ಐಎನ್‌ಆರ್ ಎದುರು ದಪ್ಪಕ್ಷರದಲ್ಲಿ ‘ಐದು’ ಎಂದಿತ್ತು. ಐದು ಏನು? ಇವರೂ ಅವರ ಪೈಕಿಯೇ ಎಂದುಕೊಂಡೆ. ಅವಳ ಹೃದಯದ ಡಾಕ್ಟರಿಗೆ ಫೋನ್ ಮಾಡಿ, “ಏನೂ ಬದಲಾಗಿಲ್ಲ,” ಎಂದೆ.

“ಹಾಗಾದ್ರೆ ಮಾತ್ರೆ ಅಷ್ಟೇ ಇರ್ಲಿ,” ಎಂದರು.

ಒಂಬತ್ತನೆಯ ದಿನ ಬೆಳಗ್ಗೆ ಬಟ್ಟೆ ಮಡಚುತ್ತಿದ್ದವಳು ತಲೆನೋವೆಂದು ಕುಳಿತಳು. ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ.

ಆಸ್ಪತ್ರೆಯಲ್ಲಿ ಮಗಳು ನನ್ನ ಪುಸ್ತಕವನ್ನು ಅಲ್ಲಿನ ಡಾಕ್ಟರ ಕೈಗಿಟ್ಟು, “ಅಪ್ಪ ಒಂದು ತಿಂಗಳೂ ತಪ್ಪಿಸಿಲ್ಲ,” ಎಂದಳು. ಅವರು ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು.

“ಐಎನ್‌ಆರ್ ಎಲ್ಲಿ ಸರ್?”

“ಅದಕ್ಕೆ ಏಕಮಾನ ಇರ್ಲಿಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಬರೀ ಸೆಕೆಂಡನ್ನ ನಂಬೋ ಹಾಗಿಲ್ಲ ಸರ್. ಒಂದೊಂದು ಲ್ಯಾಬಿನ ರಾಸಾಯನಿಕ ಒಂದೊಂದು ಥರ. ಇಲ್ಲಿ ಇಪ್ಪತ್ತೆಂಟು ತೋರಿಸೋ ರಕ್ತ ಅಲ್ಲಿ ಐವತ್ತು ತೋರಿಸ್ಬಹುದು. ಅದಕ್ಕೇ ಆರೋಗ್ಯವಂತರ ರಕ್ತದ ಸೆಕೆಂಡಿನಿಂದ ಭಾಗಿಸಿ, ರಾಸಾಯನಿಕಕ್ಕೆ ತಕ್ಕ ಹಾಗೆ ಸರಿಮಾಡ್ತಾರೆ. ಸೆಕೆಂಡಿಗೆ ಸೆಕೆಂಡು ಹೊಡೆದುಹೋಗುತ್ತೆ. ಉಳಿಯೋ ಅಂಕಿಗೆ ಎಲ್ಲಾ ಕಡೆನೂ ಒಂದೇ ಅರ್ಥ.”

ನನಗೆ ತಿಳಿಯದ ಲೆಕ್ಕವೇ ಅದು? ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದೇ ನನ್ನ ಅನ್ನವಾಗಿತ್ತು. “ಮೊದಲು ಎರಡೂವರೆ ಇತ್ತು, ಈ ಸಲ ಹೊಸ ಲ್ಯಾಬಿನವರು ಐದು ಅಂತ ಬರೆದಿದ್ರು,” ಎಂದೆ.

“ಐದು ಅಂದ್ರೆ ರಕ್ತ ಮೊದಲಿಗಿಂತ ತುಂಬಾ ತೆಳುವಾಗಿತ್ತು. ಎರಡು ದಿನ ಮಾತ್ರೆ ನಿಲ್ಲಿಸಿದ್ರೆ ಇಳಿದುಬಿಡ್ತಿತ್ತೇನೋ. ಮುಂಚೆ ಒಸಡಿಂದ, ಮೂಗಿಂದ ರಕ್ತ ಏನಾದ್ರೂ ಬಂದಿತ್ತಾ?”

“ಇಲ್ಲ,” ಎಂದಳು ಮಗಳು. “ಬಂದಿದ್ರೆ ಅಮ್ಮ ಅಪ್ಪನಿಗೆ ಹೇಳದೇ ಇರ್ತಿದ್ಲಾ?”

ಹೇಳಿದ್ದಳು. ನಾಲ್ಕು ದಿನದ ಹಿಂದೆ, ಹಲ್ಲುಜ್ಜಿ ಬಂದವಳು ಕೆಂಪಾದ ಟವೆಲು ತೋರಿಸಿ, “ರಿಪೋರ್ಟ್ ಸರಿ ಇತ್ತಲ್ವಾ?” ಎಂದು ಕೇಳಿದ್ದಳು. ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ್ದೆ. ಅವಳಿಗೆ ಸಮಾಧಾನವಾಯಿತು. ಮಾತ್ರೆ, ನೀರು ಎರಡನ್ನೂ ನಾನೇ ಕೊಟ್ಟೆ.

ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು ಒಳಗೆ ಹೋಗಿ ಅಮ್ಮನ ಪಕ್ಕ ಕುಳಿತಳು. ನಾನು ಬಾಗಿಲ ಹೊರಗೇ ನಿಂತೆ.