ಎರಡು ಗೀರು

ಸೀಳು ಬಿಟ್ಟ ಆಸ್ಪತ್ರೆ ಇಕ್ಕಳಗಳ ತಪ್ಪನ್ನು ಚಿರಾಗ್ ಉಸ್ತಾದರ ತಲೆಗೆ ಕಟ್ಟಿ ಅವರನ್ನು ಕಾರ್ಖಾನೆಯಿಂದ ಹೊರಹಾಕಿದರು. ಆ ಉಕ್ಕು ಕಾಯಿಸುವಾಗ ಕುಲುಮೆಯ ಮುಂದಿದ್ದವನು ಅವರ ಶಿಷ್ಯ ತುಫೈಲ್. ಸೀಳು ತಡೆಯುವ ಎರಡನೇ ಕಾವು ಕೊಡದೆ ಉಕ್ಕನ್ನು ಮುಂದಕ್ಕೆ ಕಳಿಸು ಎಂದವರು ಮಾಲೀಕ ಹಾಜಿ ಸನಾವುಲ್ಲಾ. ಉಸ್ತಾದರನ್ನು ನಿಲ್ಲಿಸಿ ಕೇಳಿದ ದಿನ ಇಬ್ಬರೂ ಅಲ್ಲೇ ಇದ್ದರು. ಕೀಲು ಕೂಡಿಸುವಾಗ ಚಿರಾಗ್ ಸುತ್ತಿಗೆ ಜೋರಾಗಿ ಬಡಿದಿದ್ದಾನೆ ಎಂದರು ಹಾಜಿ. ತುಫೈಲ್ ನೆಲ ನೋಡಿದ.

ಸಿಯಾಲ್‌ಕೋಟಿನಲ್ಲಿ ಇಕ್ಕಳದ ಎರಡು ಕಾಲು ಸೇರಿಸುವವನು ಕೀಲಿನ ಒಳಮೈಗೆ ತನ್ನ ಗುರುತು ಹಾಕುತ್ತಾನೆ; ಮಾಲು ಕೆಟ್ಟರೆ ಹೊಣೆ ಆ ಗುರುತಿನವನದು. ಉಸ್ತಾದರದು ಅರದಿಂದ ಎಳೆದ ಎರಡು ಓರೆ ಗೀರು. "ಎಲ್ಲೋ ಒಬ್ಬಳು ಹೆರಿಗೆ ಮೇಜಿನ ಮೇಲೆ ಮಲಗಿರ್ತಾಳೆ. ಅವಳ ರಕ್ತ ಹಿಡಿದಿರೋದು ಡಾಕ್ಟ್ರಲ್ಲ ಕಣೋ, ನಾನು," ಎನ್ನುತ್ತಿದ್ದರು. ಬೇರೆಯವರ ಕುಲುಮೆಯಿಂದ ಬಂದದ್ದಕ್ಕೆಲ್ಲ ಸೀಮೆಎಣ್ಣೆ ಹಚ್ಚಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಕೂದಲೆಳೆಯಂಥ ಸೀಳನ್ನೂ ಹುಡುಕುತ್ತಿದ್ದರು; ಸೀಳಿದ್ದರೆ ಒಳಗಿಳಿದ ಎಣ್ಣೆ ಪುಡಿಗೆ ಏರಿ ತೋರಿಸಿಬಿಡುತ್ತಿತ್ತು. ತುಫೈಲ್ ಕಾಯಿಸಿದ್ದಕ್ಕೆ ಮಾತ್ರ ಇಲ್ಲ. "ನಿನ್ನ ಕೈಯ ಉಕ್ಕಿಗೂ ಸುಣ್ಣ ಹಚ್ಚಿದ್ರೆ ನಾನೆಂಥ ಉಸ್ತಾದ್?"

ಕಾರ್ಖಾನೆ ಬಿಡಿಸಿದ ಮೇಲೆ ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ಚಳಿಗಾಲದಲ್ಲಿ ಎದೆಯೊಳಗಿನ ಉಕ್ಕಿನ ಧೂಳು ಅವರನ್ನು ಮಲಗಿಸಿತು. ತುಫೈಲ್ ಕಿತ್ತಳೆ ಹಿಡಿದು ನೋಡಲು ಹೋದ.

"ಕುಲುಮೆ ಹೇಗಿದೆಯೋ?" ಎಂದರು.

"ಚೆನ್ನಾಗಿದೆ, ಉಸ್ತಾದ್."

ಅವರು ಗೋಡೆಯ ಕಡೆ ಹೊರಳಿದರು. ಅದೇ ವಾರ ಅವರ ಜನಾಜಾಕ್ಕೆ ಹೆಗಲು ಕೊಟ್ಟು ಬಂದ ತುಫೈಲ್.

ಈಗ ಉಸ್ತಾದರ ಮಣೆಯ ಮೇಲೆ ಅವನೇ ಕೂರುತ್ತಾನೆ. ಕುಲುಮೆ ಹಾಜಿಯ ಅಳಿಯನ ಕೈಗೆ ಹೋಗಿದೆ. ಇವತ್ತು ಅಲ್ಲಿಂದ ಬಂದ ಇಕ್ಕಳದ ಕಾಲುಗಳ ತಟ್ಟೆಯ ಮೇಲೆ ತುಫೈಲ್ ಸುಣ್ಣ ಉದುರಿಸುತ್ತಿದ್ದಾಗ ಹಾಜಿ ಬಂದು ನಿಂತರು.

"ಏನಯ್ಯಾ, ಹಿಟ್ಟು ಚೆಲ್ಲಿದ್ದೀಯ. ರೊಟ್ಟಿ ಅಂಗಡಿ ಇಟ್ಟೆಯಾ?"

"ಸೀಳಿದೆ ಹಾಜಿ ಸಾಹೇಬ್ರೆ. ಇಡೀ ತಟ್ಟೆ."

"ಪಾಲಿಶ್ ಚಕ್ರಕ್ಕೆ ಹಿಡಿ, ಮುಚ್ಚಿಹೋಗುತ್ತೆ."

"ಕಣ್ಣಿಗೆ ಮುಚ್ಚುತ್ತೆ."

ಹಾಜಿ ಸ್ಟೂಲ್ ಎಳೆದುಕೊಂಡು ಕೂತರು. ತಮಗೆ ತಂದಿದ್ದ ಚಹಾದ ಲೋಟವನ್ನು ಅವನ ಮುಂದೆ ಸರಿಸಿದರು. ದನಿ ಇಳಿಯಿತು.

"ನಿನ್ನ ಗುರುತು ಹಾಕ್ಬೇಡ ಮಗಾ. ಚಿರಾಗಂದು ಹಾಕು. ವಾಪಸ್ ಬಂದ್ರೆ ಅವನ ಕಾಲದ ಮಾಲು ಕಲೆತುಹೋಗಿತ್ತು ಅಂದ್ರಾಯ್ತು. ಗೋರಿಗೆ ಹೋಗಿ ಯಾರು ಕೇಳ್ತಾರೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ತುಫೈಲ್ ಅರ ಎತ್ತಿಕೊಂಡ. ಅದು ಉಸ್ತಾದರದು, ಹಿಡಿಯ ಮರ ಅವರ ಹೆಬ್ಬೆರಳಿನ ಅಳತೆಗೆ ಸವೆದಿತ್ತು. ಅವನ ಹೆಬ್ಬೆರಳು ಆ ಕುಳಿಯಲ್ಲಿ ಕೂರಲಿಲ್ಲ. ಅರವನ್ನು ಕೆಳಗಿಟ್ಟ.

"ಹಾಕಲ್ಲ."

"ಅವತ್ತು ನಾಲಿಗೆ ಎಲ್ಲಿತ್ತು? ಅವನು ಬದುಕಿದ್ದಾಗ?"

ತುಫೈಲ್ ಕೈಗೆ ಹತ್ತಿದ ಸುಣ್ಣವನ್ನು ಒರೆಸಿಕೊಂಡ.

"ಬದುಕಿದ್ದಾಗ ಇರಲಿಲ್ಲ," ಎಂದ. "ಗೀರು ಹಾಕಲ್ಲ. ಕೀಲೂ ಕೂಡಿಸಲ್ಲ."

ತಟ್ಟೆಯಿಂದ ಇನ್ನೊಂದು ಕಾಲು ತೆಗೆದ. ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಪುಡಿ ಉದುರಿಸಿ, ಚಹಾದ ಲೋಟದ ಪಕ್ಕ ಹಾಜಿಯ ಮುಂದೆ ಇಟ್ಟ. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಬೆಳ್ಳಗಿನ ಪುಡಿಯ ಕೆಳಗಿನಿಂದ ಒಂದು ಕಪ್ಪು ಗೆರೆ ನಿಧಾನವಾಗಿ ಮೇಲೆ ಬಂತು.