ಬಿಸಿಲು ಬೀಳುವ ಮೆಟ್ಟಿಲು

ಪಾರ್ಸೆಲ್ ವ್ಯಾನ್ ಓಡಿಸುವವರಿಗೆ ಒಂದು ನಿಯಮವಿದೆ. ಬೆಲ್ ಒತ್ತಿದಾಗ ಯಾರೂ ಬಾಗಿಲು ತೆಗೆಯದಿದ್ದರೆ ಡಬ್ಬವನ್ನು ಹೊಸ್ತಿಲ ಮುಂದಿಟ್ಟು, ಕಂಪನಿಯ ಫೋನಿನಲ್ಲಿ ಅದರ ಫೋಟೊ ತೆಗೆಯಬೇಕು. ಡಬ್ಬ, ಬಾಗಿಲು, ಮನೆ ನಂಬರು ಮೂರೂ ಕಾಣಬೇಕು. ಫೋಟೊ ತಕ್ಷಣ ಆಫೀಸಿಗೆ ಹೋಗುತ್ತದೆ. ಕತ್ತೆಗೆ ಕಲಿಸಿದರೂ ಮಾಡುವ ಕೆಲಸ.

ನನ್ನ ಕೈಯಲ್ಲಿ ಮಾತ್ರ ಆಗುತ್ತಿರಲಿಲ್ಲ. ನನಗೆ ಮೊದಲಿನಿಂದಲೂ ನಗರದ ಫೋಟೊ ತೆಗೆಯುವ ಹುಚ್ಚು. ಹೂವು, ಗುಡ್ಡ, ಮುಳುಗುವ ಸೂರ್ಯ ಯಾವನಿಗೆ ಬೇಕು? ಅಂಗಡಿಯ ಷಟರ್ ಎತ್ತುವವನ ಬೆನ್ನು, ತಾರಸಿಯ ಮೇಲೆ ಒಣಗುವ ಬಟ್ಟೆ, ಎರಡು ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡ ಓಣಿ, ಇಂಥವು ಬೇಕು. ವ್ಯಾನ್ ಕೆಲಸಕ್ಕೆ ಸೇರಿದ್ದೇ ಅದಕ್ಕಾಗಿ. ಕೈಯಲ್ಲೊಂದು ಡಬ್ಬ ಇದ್ದರೆ ಕಾವಲಿನವನೂ ಎಲ್ಲಿಗೆ ಎಂದು ಕೇಳುವುದಿಲ್ಲ. ಹಿತ್ತಿಲು, ಮಹಡಿ, ಎಲ್ಲಿಗೆ ಬೇಕಾದರೂ ನುಗ್ಗಬಹುದು. ಕಂಪನಿ ಫೋನಿನ ಕ್ಯಾಮೆರಾ ನನ್ನ ಫೋನಿನದಕ್ಕಿಂತ ಎಷ್ಟೋ ಮೇಲು. ಹಾಗಾಗಿ ಆಫೀಸಿಗೆ ಕಳಿಸುವ ಫೋಟೊವನ್ನೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಬೆಳಕು ನೋಡಿ ತೆಗೆಯುತ್ತಿದ್ದೆ. ಡಬ್ಬ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತಿತ್ತು.

ನಮ್ಮ ಸೂಪರ್‌ವೈಸರ್ ನನಗಿಂತ ಚಿಕ್ಕವನು. ಯಾರೊಡನೆ ಮಾತಾಡುವಾಗಲೂ ಮಣಿಕಟ್ಟು ನೋಡಿಕೊಳ್ಳುತ್ತಾನೆಂದು ಡ್ರೈವರುಗಳೆಲ್ಲ ಸೇರಿ ಗಡಿಯಾರ ಎಂದು ಹೆಸರಿಟ್ಟಿದ್ದೆವು. ಅವನು ಒಂದು ದಿನ ನನ್ನನ್ನು ಕರೆದು ಕಂಪ್ಯೂಟರ್ ತೋರಿಸಿದ.

“ಏನ್ರೀ ಇದು, ಮದುವೆ ಆಲ್ಬಮ್ಮಾ? ಡಬ್ಬ ಎಲ್ರೀ?”

“ಕಂಬದ ಪಕ್ಕ ಇದೆಯಲ್ಲ ಸಾರ್.”

“ಅದು ಡಬ್ಬಾನಾ? ಇಟ್ಟಿಗೆ ಅಂದ್ಕೊಂಡೆ. ನೋಡಿ, ನಿಮ್ಮ ಫೋಟೊದಿಂದ ಇನ್ನೊಂದು ತಕರಾರು ಬಂದ್ರೆ ವ್ಯಾನ್ ಕೀಲಿ ಇಸ್ಕೊಂಡು ಗೋಡೌನಿಗೆ ಹಾಕ್ತೀನಿ. ಡಬ್ಬ ಜೋಡಿಸ್ಕೊಂಡು ಕೂತಿರಿ.”

ಗೋಡೌನಿಗೆ ಕಿಟಕಿ ಇಲ್ಲ. ಬೆಳಿಗ್ಗೆ ತಗಡಿನ ಬಾಗಿಲೊಳಗೆ ಹೋದವರು ಸಂಜೆ ಹೊರಗೆ ಬರುತ್ತಾರೆ. ಸಂಬಳವೇನೋ ಅಷ್ಟೇ. ಆದರೆ ನನ್ನ ಪಾಲಿಗೆ ಅದು ಜೈಲು.

ಅದಾಗಿ ಸ್ವಲ್ಪ ದಿನಕ್ಕೆ ತಕರಾರು ಬಂದೇ ಬಂತು. ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮ ಒಬ್ಬಳು ಹೊಲಿಗೆ ಮಿಷನ್ನಿಗೆ ಮೋಟರು ತರಿಸಿದ್ದಳು. ಅದು ತಲುಪಿಲ್ಲವಂತೆ. ಗಡಿಯಾರ ಫೋನನ್ನು ನನ್ನ ಕೈಗೇ ಕೊಟ್ಟ.

“ಅಮ್ಮಾ, ಬಾಗಿಲ ಮುಂದೆ ಇಟ್ಟು ಬಂದಿದೀನಿ. ಫೋಟೊ ಇದೆ,” ಎಂದೆ.

“ಫೋಟೊ ಇಟ್ಕೊಂಡು ನಾನು ಬಟ್ಟೆ ಹೊಲೀಲಾ? ಮೋಟರು ಎಲ್ಲಪ್ಪಾ?”

“ನಿಮ್ಮ ಮನೇಲೇ ಹುಡುಕಿ.”

“ಹುಡುಕೋಕೆ ನಮ್ಮನೆ ಏನು ಅರಮನೇನಾ? ಇರೋದೇ ಒಂದು ಕೋಣೆ.”

ನನಗೆ ಪಿತ್ತ ನೆತ್ತಿಗೇರಿತು. “ಇಸ್ಕೊಂಡು ಇಲ್ಲ ಅನ್ನೋರನ್ನ ಬೇಕಾದಷ್ಟು ನೋಡಿದೀನಿ, ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?” ಎಂದು ಕಿರುಚಿ ಫೋನಿಟ್ಟೆ. ಆಫೀಸೆಲ್ಲ ತಿರುಗಿ ನೋಡಿತು.

ಗಡಿಯಾರನಿಗೆ ಯಾಕೋ ಖುಷಿಯಾದಂತಿತ್ತು. “ನಂಬರು ಕಾಣಲ್ಲ, ಆದ್ರೆ ಬಾಗಿಲಿದೆ, ಡಬ್ಬಾನೂ ಇದೆ. ಸುಳ್ಳು ದೂರು ಅಂತ ಬರೆದು ಮುಗಿಸ್ತೀನಿ. ಆಯಮ್ಮನಿಗೆ ಮೋಟರೂ ಇಲ್ಲ, ದುಡ್ಡೂ ವಾಪಸ್ ಇಲ್ಲ. ಇವತ್ತು ಬಚಾವಾದ್ರಿ, ಹೋಗಿ,” ಎಂದ.

ಮನೆಗೆ ಹೋದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಂದೆ ಟೈಲರಮ್ಮನ ದೂರಿನ ಕಥೆ ಶುರುಮಾಡಿದೆ. ಅವಳು ಇಸ್ತ್ರಿ ಮಾಡುತ್ತಿದ್ದಳು. ನನ್ನ ಫೋನಿಗೆ ಹಾಕಿಕೊಂಡಿದ್ದ ಆ ಫೋಟೊವನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಮೆಟ್ಟಿಲ ಮೇಲೆ ಬಿಸಿಲು ಓರೆಯಾಗಿ ಬಿದ್ದಿದೆ, ಕಿಟಕಿ ಸರಳಿನ ನೆರಳು ಮೆಟ್ಟಿಲಿಂದ ಮೆಟ್ಟಿಲಿಗೆ ಮುರಿದುಕೊಂಡು ಹತ್ತಿದೆ, ಮೇಲೆ ಅರ್ಧ ಬಾಗಿಲು, ಅದರ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬ. ಆ ತಿಂಗಳಲ್ಲಿ ಅಷ್ಟು ಚೆನ್ನಾಗಿ ಬಂದ ಫೋಟೊ ಬೇರೆ ಇರಲಿಲ್ಲ.

“ಚೆನ್ನಾಗಿದೆ ರೀ. ಯಾವ ಕಟ್ಟಡ?”

“ಅದೇ, ಜೋಡಿ ಕಟ್ಟಡ ಇದೆಯಲ್ಲ. ಟೈಲರಮ್ಮ ಇರೋದು ಬಲಗಡೇದ್ರಲ್ಲಿ, ಎರಡನೇ ಮಹಡಿ.”

ಅವಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟಳು. “ಬಲಗಡೇದು ಅಂದ್ರೆ ನೀವು ದಿನಾ ಬೈತಿರ್ತೀರಲ್ಲ, ಪಕ್ಕದವನು ಗೋಡೆ ಎಬ್ಬಿಸಿ ಕಿಟಕಿ ಮುಚ್ಚಿಬಿಟ್ಟ, ಬಾವಿ ಥರ ಕತ್ತಲು ಅಂತ, ಅದೇ ತಾನೆ?”

“ಹೂಂ, ಅದೇ.”

“ಹಾಗಾದ್ರೆ ಈ ಬಿಸಿಲು ಎಲ್ಲಿಂದ ಬಂತು?”

ನಾನು ಫೋನನ್ನು ಹಿಂದಕ್ಕೆ ಎಳೆದುಕೊಂಡೆ. ಬಲಗಡೆಯ ಕಟ್ಟಡದಲ್ಲಿ ಬಿಸಿಲು ಬೀಳಲು ಸಾಧ್ಯವೇ ಇಲ್ಲ. ಇದು ಎಡಗಡೆಯದು. ಬೆಳಗಿನ ಹೊತ್ತು ಅಲ್ಲಿ ಬೆಳಕು ಎಷ್ಟು ಚೆನ್ನಾಗಿರುತ್ತದೆಂದು ನನಗೆ ಬಾಯಿಪಾಠ. ವಿಳಾಸ ಓದಿದ್ದು ಬಲಗಡೆಯದು, ಕಾಲು ಹೋಗಿದ್ದು ಬೆಳಕಿದ್ದ ಕಡೆಗೆ.

“ಯಾರಿಗೂ ಗೊತ್ತಾಗಲ್ಲ ಬಿಡು. ನಂಬರು ಕಾಣಲ್ಲ,” ಎಂದೆ.

“ನನಗೆ ಗೊತ್ತಾಯ್ತಲ್ಲ,” ಎಂದಳು ಅವಳು. ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಮರುದಿನ ಎಲ್ಲಕ್ಕಿಂತ ಮೊದಲು ವ್ಯಾನನ್ನು ಅಲ್ಲಿಗೇ ಬಿಟ್ಟೆ. ಎಡಗಡೆ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ತಾತ ಬಾಗಿಲು ತೆಗೆದರು. ಡಬ್ಬ ಅವರ ಮಂಚದ ಕೆಳಗಿತ್ತು.

“ಮಗ ಏನೋ ತರಿಸಿರಬೇಕು ಅಂತ ಒಳಗಿಟ್ಟೆ ಕಣಪ್ಪ.”

“ಮೇಲೆ ಹೆಸರು ಬರೆದಿದೆಯಲ್ಲ ತಾತ, ಓದಬಾರದಿತ್ತಾ?”

“ನೀನು ಓದಿದ್ಯಾ?” ಎಂದರು ಅವರು.

ನಾನು ಬಗ್ಗಿ ಡಬ್ಬ ಎತ್ತಿಕೊಂಡೆ.

ಬಲಗಡೆಯ ಕಟ್ಟಡದ ಕತ್ತಲಲ್ಲಿ ತಡವರಿಸಿಕೊಂಡು ಹತ್ತುವಾಗ ಒಂದು ಉಪಾಯ ಹೊಳೆಯಿತು. ಡಬ್ಬ ಕೊಟ್ಟು, ಪಕ್ಕದ ಮನೆಯವರು ಎತ್ತಿಟ್ಟಿದ್ದರು ಎಂದರೆ ಮುಗಿಯಿತು. ಪೂರ್ತಿ ಸುಳ್ಳೂ ಅಲ್ಲ. ಟೈಲರಮ್ಮ ಬಾಗಿಲು ತೆಗೆದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ಬಾಯಲ್ಲಿ ಗುಂಡುಸೂಜಿ. ಹಿಂದೆ ಕೋಣೆಯಲ್ಲಿ ಕತ್ತರಿಸಿಟ್ಟ ಶಾಲೆ ಸಮವಸ್ತ್ರದ ರಾಶಿ. ಮೋಟರು ಬಿಚ್ಚಿದ ಮಿಷನ್ನು ಮೇಜಿನ ಮೇಲೆ ಮಲಗಿತ್ತು. “ಪಾರ್ಸೆಲ್” ಎಂದ ನನ್ನ ದನಿ ಕೇಳಿದ್ದೇ ಗುರುತು ಹಿಡಿದು ಸೂಜಿ ತೆಗೆದಳು.

“ಓ, ನೀನೇನಾ? ಎಲ್ಲಿ ಸಿಕ್ತು?”

“ಪಕ್ಕದ...” ಎಂದು ಶುರುಮಾಡಿ ನಿಲ್ಲಿಸಿದೆ. ಅವಳ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಆ ರಾಶಿಯನ್ನು ಕೈಯಲ್ಲೇ ಹೊಲಿಯುತ್ತಿದ್ದಳು. “ನಾನೇ ತಪ್ಪು ಕಟ್ಟಡದಲ್ಲಿ ಇಟ್ಟಿದ್ದೆ ಅಕ್ಕ.”

“ಮತ್ತೆ ಸುಳ್ಳಿ ಅಂದ್ಯಲ್ಲ?”

“ಅಂದೆ. ತಪ್ಪಾಯ್ತು.”

“ಇಲ್ಲಿ ಕತ್ತಲಲ್ಲಿ ಅಂದ್ರೆ ಯಾರಿಗೆ ಕೇಳಿಸುತ್ತೆ? ನಿನ್ನೆ ಆಫೀಸಲ್ಲಿ ನಾಲ್ಕು ಜನ ಇದ್ದಾಗ ಅಂದೆ. ಅವರಿಗೂ ಹೇಳು. ಈಗ್ಲೇ, ನನ್ನೆದುರಿಗೆ.”

ಅಲ್ಲೇ ನಿಂತು ಗಡಿಯಾರನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಸ್ಪೀಕರ್ ಹಾಕಿಸಿದಳು.

“ಅಲ್ಲಾ ಮಾರಾಯ್ರೇ, ಮುಗಿಸಿದ್ದೆನಲ್ರೀ! ಮತ್ಯಾಕೆ ಕೆದಕಿದ್ರಿ?” ಎಂದು ಅವನು ಕೂಗಾಡಿದ. “ಈಗ ಮೇಲಿನವರಿಗೆ ನಾನೇನು ಹೇಳಲಿ? ಇವತ್ತಿನ ಲೋಡು ಖಾಲಿ ಮಾಡಿ ಕೀಲಿ ತಂದುಕೊಡಿ. ನಾಳೆಯಿಂದ ಗೋಡೌನು.”

“ಸುಳ್ಳು ದೂರು ಅಂತ ಬರ್ದಿದ್ದು ಅಳಿಸಿ ಸಾರ್.”

“ಅಳಿಸ್ತೀನಿ ಕಣ್ರೀ, ಇಡಿ ಫೋನು.”

ಟೈಲರಮ್ಮ ಡಬ್ಬದ ಅಂಟುಪಟ್ಟಿಯನ್ನು ಹಲ್ಲಿನಲ್ಲೇ ಕಿತ್ತು ಮೋಟರು ಹೊರತೆಗೆದು ನೋಡಿದಳು. “ಇಷ್ಟಕ್ಕೆ ಕೆಲಸ ಬದಲಾಯಿಸ್ತಾರಾ?” ಎಂದು ಕೇಳಿದಳು. ಹೂಂ ಎಂದೆ. “ನಾನಾಗಿದ್ರೆ ನಿನ್ನೇನೇ ಓಡಿಸ್ತಿದ್ದೆ,” ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಉಳಿದ ಡಬ್ಬಗಳನ್ನು ಮುಗಿಸಲು ಸಂಜೆಯಾಯಿತು. ಒಂದೊಂದಕ್ಕೂ ಹತ್ತಿರ ಹೋಗಿ, ನಂಬರು ದಪ್ಪಗೆ ಕಾಣುವಂತೆ ಫೋಟೊ ತೆಗೆದು ಕಳಿಸಿದೆ. ನೋಡಲಾರದಷ್ಟು ಕೆಟ್ಟ ಫೋಟೊಗಳು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ನನ್ನ ಫೋನಿನಲ್ಲಿ ನನಗೆ ಬೇಕಾದ ಹಾಗೆ ಇನ್ನೊಂದು ತೆಗೆದುಕೊಂಡೆ. ಬೆಳಕು ಹೋಗುತ್ತಿತ್ತು, ಕೆಲವು ಮಸುಕಾದವು.

ಕೀಲಿ ಕೊಟ್ಟು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿ, ಆ ದಿನದ ಫೋಟೊ ತೋರಿಸಿದೆ. ಅವಳು ಒಂದೊಂದನ್ನೇ ನಿಧಾನವಾಗಿ ನೋಡಿದಳು.

“ಅಲ್ಲ ರೀ, ಹೀಗೆ ಅವರಿಗೊಂದು ನಿಮಗೊಂದು ತೆಗೆಯೋಕೆ ಇಷ್ಟು ದಿನ ಏನಾಗಿತ್ತು, ಕೈ ನೋಯ್ತಿತ್ತಾ?”

ಅವಳ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ಆದರೆ ಮರುದಿನ ಗೋಡೌನಿಗೆ ಬೇಗ ಹೋಗಬೇಕಿತ್ತು, ಬುತ್ತಿಗೆ ಏನು ಕಟ್ಟುತ್ತೀಯ ಎಂದು ಕೇಳಿದೆ.